ಕೇಳದೆ ಒಯ್ದ ಹಾರೆ: ನೆರೆಹೊರೆಯ ಎರವಲಿಗೂ ಒಂದು ಚರಿತ್ರೆ ಇದೆ

ಹಿತ್ತಲ ಗೋಡೆಗೆ ಒರಗಿಸಿಟ್ಟ ಹಾರೆ ಬೆಳಗ್ಗೆ ಎದ್ದು ನೋಡಿದರೆ ಇಲ್ಲ. ನಂದಿಗುಡಿಯಂಥ ಊರಲ್ಲಿ ಆಗ ಮನೆಯವರ ಬಾಯಲ್ಲಿ ಮೊದಲು ಬರುವ ಮಾತು "ಯಾರು ಒಯ್ದರು?" ಎಂದು. "ಯಾರು ಕದ್ದರು?" ಎಂಬ ಮಾತು ಬರುವುದು ಎರಡು ದಿನ ಕಳೆದ ಮೇಲೆ, ಅಕ್ಕಪಕ್ಕದ ನಾಲ್ಕು ಮನೆ ವಿಚಾರಿಸಿದ ಮೇಲೆ. ಈ ಎರಡು ಮಾತಿನ ನಡುವಿನ ಎರಡು ದಿನದಲ್ಲಿ ನಮ್ಮ ಹಳ್ಳಿಗಳ ದೊಡ್ಡದೊಂದು ಚರಿತ್ರೆ ಇದೆ.

ಕೇಳದೆ ಒಯ್ಯುವುದು ನಮ್ಮಲ್ಲಿ ಹೊಸದಲ್ಲ. ಹಗ್ಗ, ಏಣಿ, ಕುಡುಗೋಲು, ಮೊರ, ಜರಡಿ, ಹಬ್ಬಕ್ಕೆ ದೊಡ್ಡ ಪಾತ್ರೆ, ಮದುವೆಗೆ ಜಮಖಾನ ಎಲ್ಲವೂ ಮನೆಯಿಂದ ಮನೆಗೆ ತಿರುಗಿವೆ. ಹಳಬರು ಇದರಲ್ಲಿ ಎರಡು ಬಗೆ ಮಾಡಿದ್ದರು. ಖರ್ಚಾಗುವ ವಸ್ತು ತಂದರೆ ಅದು ಕಡ. ಒಂದು ಬಟ್ಟಲು ಉಪ್ಪು ತಂದರೆ ಅದೇ ಬಟ್ಟಲಲ್ಲಿ ಬೇರೆ ಉಪ್ಪು ಅಳೆದು ಕೊಡಬೇಕು. ಖರ್ಚಾಗದ ವಸ್ತು ತಂದರೆ ಅದು ಎರವು. ತಂದ ಹಾರೆಯೇ ವಾಪಸ್ ಬರಬೇಕು, ತುದಿ ಮೊಂಡಾಗಿರಬಾರದು.

ಇದಕ್ಕೆ ಹೊತ್ತು ಗೊತ್ತೂ ಇತ್ತು. ದೀಪ ಹಚ್ಚಿದ ಮೇಲೆ ಉಪ್ಪು ಕೊಡುವುದಿಲ್ಲ, ಹೆಪ್ಪು ಕೊಡುವುದಿಲ್ಲ, ಸೂಜಿ ಕೊಡುವುದಿಲ್ಲ ಎಂದು ಇಂದಿಗೂ ಎಷ್ಟೋ ಮನೆಗಳಲ್ಲಿ ಹೇಳುತ್ತಾರೆ. ಲಕ್ಷ್ಮಿ ಹೋಗುತ್ತಾಳೆ ಎಂಬುದು ಹೇಳುವ ಕಾರಣ. ಆದರೆ ಇದರಿಂದ ಇನ್ನೊಂದು ಉಪಕಾರವೂ ಆಗುತ್ತಿತ್ತು. ಇಲ್ಲ ಎನ್ನಲು ಸಂಕೋಚಪಡುವ ನೆರೆಮನೆಯವರಿಗೆ, ಮನಸ್ಸು ನೋಯಿಸದೆ ಇಲ್ಲ ಎನ್ನಲು ಒಂದು ದಾರಿ ಸಿಗುತ್ತಿತ್ತು.

ಒಂಬೈನೂರು ವರ್ಷದ ಹಿಂದಿನ ಮಾತು

ಎರವಲಿನ ಬಗ್ಗೆ ಬರೆದಿಟ್ಟ ನಿಯಮ ನಮ್ಮ ಕರ್ನಾಟಕದಲ್ಲೇ ಹುಟ್ಟಿದ ಗ್ರಂಥವೊಂದರಲ್ಲಿದೆ. ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ನಮ್ಮ ಹರಿಹರ, ಉಚ್ಚಂಗಿ ಸೀಮೆಯೂ ಆಗ ಚಾಲುಕ್ಯರ ಅಧೀನದಲ್ಲೇ ಇತ್ತು. ಅವನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಕಲ್ಯಾಣ ಎಂದರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಆಸ್ತಿ ಪಾಲಿನ ವಿಷಯದಲ್ಲಿ ಈ ಗ್ರಂಥದ ಹೆಸರನ್ನು ಕೋರ್ಟುಗಳಲ್ಲಿ ಇಂದಿಗೂ ಕೇಳುತ್ತೇವೆ. ಆದರೆ ಅದರಲ್ಲಿ ನೆರೆಮನೆಯ ಎರವಲಿನ ಮಾತೂ ಇದೆ ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ.

ಅಲ್ಲಿ ಎರವಲಿಗೆ 'ಯಾಚಿತ' ಎಂಬ ಹೆಸರಿದೆ. ಮದುವೆ ಮುಂತಾದ ಉತ್ಸವಕ್ಕೆ ಕೇಳಿ ತಂದ ಬಟ್ಟೆ, ಒಡವೆ ಇತ್ಯಾದಿ ಎಂದು ವಿಜ್ಞಾನೇಶ್ವರ ಅದನ್ನು ವಿವರಿಸುತ್ತಾನೆ. ಮದುವೆಗೆ ಸರ ಎರವಲು ತರುವ ನಮ್ಮ ಅಭ್ಯಾಸ ಅಷ್ಟು ಹಳೆಯದು!

ನಿಯಮವನ್ನು ಹಳ್ಳಿಯ ಮಾತಲ್ಲಿ ಹೀಗೆ ಹೇಳಬಹುದು. ತಂದ ವಸ್ತು ರಾಜನ ಕಡೆಯವರಿಂದಲೋ, ದೈವದ ಕಾಟದಿಂದಲೋ, ಕಳ್ಳರಿಂದಲೋ ಹೋದರೆ ತಂದವನು ದಂಡ ತೆರಬೇಕಿಲ್ಲ. ಒಡೆಯ ವಾಪಸ್ ಕೇಳಿದ ಮೇಲೂ ಕೊಡದೆ ಇಟ್ಟುಕೊಂಡಾಗ ಹೋದರೆ, ಬೆಲೆಯನ್ನೂ ಕೊಡಬೇಕು, ಅಷ್ಟೇ ದಂಡವನ್ನೂ ಕಟ್ಟಬೇಕು. ನಂಬಿ ಇಟ್ಟ ವಸ್ತುವನ್ನು ಒಡೆಯನ ಒಪ್ಪಿಗೆ ಇಲ್ಲದೆ ತನ್ನ ಇಷ್ಟದಂತೆ ಬಳಸಿ ಬದುಕಿದರೆ ದಂಡವೂ ಉಂಟು, ಬಂದ ಲಾಭವನ್ನು ಸೇರಿಸಿ ತಿರುಗಿ ಕೊಡುವುದೂ ಉಂಟು.

ಇದರಲ್ಲಿ ಗಮನಿಸಬೇಕಾದ್ದು ಮೂರನೆಯ ಮಾತು. ವಸ್ತು ಒಡೆಯದೆ, ಸವೆಯದೆ ವಾಪಸ್ ಬಂದರೂ ಕೇಳದೆ ಬಳಸಿದ್ದೇ ತಪ್ಪು ಎಂದು ಆಗಲೇ ಗುರುತಿಸಿದ್ದರು.

ಅದೇ ಕಲ್ಯಾಣದಲ್ಲಿ, ಮುಂದಿನ ತಲೆಮಾರುಗಳಲ್ಲಿ ಶರಣರು ಬಂದರು. ಆಯ್ದಕ್ಕಿ ಲಕ್ಕಮ್ಮನ ಕಥೆ ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಗಂಡ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಒಪ್ಪಲಿಲ್ಲ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದಳು. ಚೆಲ್ಲಿದ ಅಕ್ಕಿಗೆ ಯಾರೂ ಬೇಡ ಎನ್ನುತ್ತಿರಲಿಲ್ಲ. ಆದರೂ ಮೌನದ ಒಪ್ಪಿಗೆಗೆ ಒಂದು ಅಳತೆ ಇದೆ, ಆ ಅಳತೆ ತೆಗೆದುಕೊಳ್ಳುವವರಿಗೇ ಗೊತ್ತಿರಬೇಕು ಎಂಬುದು ಆ ತಾಯಿಯ ತೀರ್ಮಾನ.

ಗೆಳೆಯನ ಪುಸ್ತಕ ಮತ್ತು ವಿಮಾನ

1860ರಲ್ಲಿ ಬ್ರಿಟಿಷರು ಭಾರತೀಯ ದಂಡ ಸಂಹಿತೆ ತಂದರು. ಅದರ ಮೊದಲ ಕರಡು ಮೆಕಾಲೆ ನೇತೃತ್ವದಲ್ಲಿ 1837ಕ್ಕೇ ಸಿದ್ಧವಾಗಿತ್ತು. ಅದರ 378ನೇ ಕಲಂ ಕಳ್ಳತನ ಎಂದರೇನು ಎಂದು ಹೇಳುತ್ತದೆ. ಕಲಂ ಕೆಳಗೆ ಸಾಲಾಗಿ ಉದಾಹರಣೆಗಳಿವೆ. ಅವುಗಳಲ್ಲಿ ಒಂದು ನೇರವಾಗಿ ನಮ್ಮ ವಿಷಯಕ್ಕೇ ಸೇರಿದ್ದು.

ಒಬ್ಬ ತನ್ನ ಗೆಳೆಯನ ಮನೆಗೆ ಹೋಗುತ್ತಾನೆ. ಗೆಳೆಯ ಇಲ್ಲ. ಓದಿ ವಾಪಸ್ ಕೊಡುವ ಉದ್ದೇಶದಿಂದ ಅವನ ಒಂದು ಪುಸ್ತಕ ತೆಗೆದುಕೊಂಡು ಹೋಗುತ್ತಾನೆ. ಕೇಳಿದ್ದರೆ ಇಲ್ಲ ಎನ್ನುತ್ತಿರಲಿಲ್ಲ ಎಂದು ಅವನು ನಿಜವಾಗಿ ನಂಬಿದ್ದರೆ ಅದು ಕಳ್ಳತನ ಅಲ್ಲ. 2024ರ ಜುಲೈ 1ರಿಂದ ಹಳೆಯ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 303ನೇ ಕಲಂನಲ್ಲೂ ಈ ಪುಸ್ತಕದ ಉದಾಹರಣೆ ಉಳಿದಿದೆ.

ಹಾಗೆಂದು "ವಾಪಸ್ ಕೊಟ್ಟೆನಲ್ಲ" ಎಂಬ ಮಾತು ಎಲ್ಲ ಕಡೆ ನಡೆಯುವುದಿಲ್ಲ. 1952ರ ಮೇ ತಿಂಗಳಲ್ಲಿ ಜೋಧಪುರದಲ್ಲಿ ವಾಯುಪಡೆಯ ತರಬೇತಿಯಲ್ಲಿದ್ದ ಮೆಹ್ರಾ ಎಂಬ ಯುವಕ ಅನುಮತಿ ಇಲ್ಲದೆ ಹಾರ್ವರ್ಡ್ ವಿಮಾನವೊಂದನ್ನು ಹಾರಿಸಿಕೊಂಡು ಹೋದ. ಇಳಿದದ್ದು ಪಾಕಿಸ್ತಾನದ ನೆಲದಲ್ಲಿ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಒಯ್ದರೂ, ಮೋಸದ ಉದ್ದೇಶ ಇದ್ದರೆ ಅದು ಕಳ್ಳತನವೇ ಎಂದು 1957ರಲ್ಲಿ ಕೋರ್ಟು ಹೇಳಿತು. ಸರ್ಕಾರಿ ಕಚೇರಿಯ ಕಡತವನ್ನು ಬೇರೆಯವರಿಗೆ ಕೊಟ್ಟು ಮರುದಿನ ವಾಪಸ್ ತಂದಿಟ್ಟ ಪ್ಯಾರೇಲಾಲ್ ಭಾರ್ಗವ ಪ್ರಕರಣದಲ್ಲೂ ಅದೇ ತೀರ್ಪಾಯಿತು.

ಅಂದರೆ ಕಾನೂನು ನೋಡುವುದು ಎಷ್ಟು ದಿನ ಇಟ್ಟುಕೊಂಡರು ಎಂಬುದನ್ನಲ್ಲ. ಒಡೆಯನಿಗೆ ಅನ್ಯಾಯದ ನಷ್ಟವನ್ನೋ, ತನಗೋ ಬೇರೆಯವರಿಗೋ ಅನ್ಯಾಯದ ಲಾಭವನ್ನೋ ಮಾಡುವ ಉದ್ದೇಶ ಇತ್ತೇ ಎಂದು ಕೇಳುತ್ತದೆ.

ಕೇಳಿ ತಂದ ಎರವಲಿಗೆ 1872ರ ಕರಾರು ಕಾಯ್ದೆ ಇದೆ. ನಮ್ಮದೇ ವಸ್ತುವನ್ನು ನೋಡಿಕೊಂಡಷ್ಟು ಎಚ್ಚರದಿಂದ ಬೇರೆಯವರ ವಸ್ತುವನ್ನು ನೋಡಿಕೊಳ್ಳಬೇಕು. ಒಪ್ಪಿದ ಕೆಲಸ ಬಿಟ್ಟು ಬೇರೆ ಕೆಲಸಕ್ಕೆ ಬಳಸಿ ಹಾಳಾದರೆ ನಷ್ಟ ತುಂಬಿಕೊಡಬೇಕು. ಮಿತಾಕ್ಷರಾದ ಮಾತಿಗೂ ಇದಕ್ಕೂ ದೂರ ಬಹಳ ಇಲ್ಲ.

ಯಾರ ಮನೆಗೆ ಯಾರು ಹೋಗಬಹುದಿತ್ತು?

ಇಲ್ಲಿಯವರೆಗೆ ಓದಿದರೆ ಹಳೆಯ ಹಳ್ಳಿ ಎಂದರೆ ಕೊಟ್ಟು ತೆಗೆದುಕೊಳ್ಳುವ ಸ್ವರ್ಗ ಎನಿಸಬಹುದು. ಹಾಗಿರಲಿಲ್ಲ.

ಕೇಳದೆ ಒಳಗೆ ಹೋಗಿ ಮೊರ ತರುವ ಸಲಿಗೆ ಕೇರಿಯೊಳಗಿನ ಮಾತು. ಕೇರಿ ದಾಟಿದರೆ ಲೆಕ್ಕ ಬೇರೆ. ದೊಡ್ಡ ಮನೆಯವರು ಬಡವನ ಹಗ್ಗ, ಗಾಡಿ, ಕೊನೆಗೆ ಅವನ ಒಂದು ದಿನದ ದುಡಿಮೆಯನ್ನೂ ಕೇಳದೆ ತೆಗೆದುಕೊಳ್ಳಬಹುದಿತ್ತು. ಅದಕ್ಕೆ ಬಿಟ್ಟಿ ಚಾಕರಿ ಎಂಬ ಹೆಸರೂ ಇತ್ತು. ಅದೇ ಬಡವ ದೊಡ್ಡ ಮನೆಯ ಹಿತ್ತಲಿನ ಹಾರೆ ಮುಟ್ಟಿದರೆ ಕಳ್ಳ ಎನಿಸಿಕೊಳ್ಳುತ್ತಿದ್ದ. ದಲಿತರಿಗಂತೂ ಕೇಳಿದರೂ ಬಾವಿಯ ಹಗ್ಗ ಮುಟ್ಟಲು ಬಿಡುತ್ತಿರಲಿಲ್ಲ.

ಊರಿಗೆ ಊರೇ ಒಂದು ಜನಾಂಗದ ಮೇಲೆ ಅನುಮಾನ ಇಡುವುದಕ್ಕೆ ಸರ್ಕಾರದ ಮುದ್ರೆಯೂ ಬಿದ್ದಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಕೆಲವು ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರು ಎಂದು ಪಟ್ಟಿ ಮಾಡಿತು. ಅದು ರದ್ದಾಗಿದ್ದು 1952ರಲ್ಲಿ. ಕಾಯ್ದೆ ಹೋದರೂ ಏನಾದರೂ ಕಳೆದಾಗ ಊರಾಚೆಯ ಗುಡಾರದ ಕಡೆ ನೋಡುವ ಕಣ್ಣು ಇನ್ನೂ ಪೂರ್ತಿ ಹೋಗಿಲ್ಲ.

ಈ ಲೆಕ್ಕ ಬದಲಾಗಿದ್ದು ತಾನಾಗಿಯೇ ಅಲ್ಲ. 1955ರಲ್ಲಿ ಅಸ್ಪೃಶ್ಯತೆ ವಿರುದ್ಧ ಕಾಯ್ದೆ ಬಂತು. 1974ರಲ್ಲಿ ಭೂ ಸುಧಾರಣೆಯ ತಿದ್ದುಪಡಿ ಜಾರಿಯಾಗಿ ಗೇಣಿದಾರರು ಜಮೀನಿನ ಒಡೆಯರಾದರು. 1976ರಲ್ಲಿ ಜೀತ ಪದ್ಧತಿ ರದ್ದಾಯಿತು. 1938ರಲ್ಲಿ ನಮ್ಮ ಹರಿಹರದಲ್ಲೇ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪ, ಭದ್ರಾವತಿಯಲ್ಲಿ ಪಾಠ ಹೇಳುತ್ತಲೇ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಬಡವರ ದುಡಿಮೆಯನ್ನು ಕೇಳದೆ ಒಯ್ಯುವುದು ಸಲಿಗೆ ಅಲ್ಲ, ದಬ್ಬಾಳಿಕೆ ಎಂದು ಹಳ್ಳಿ ಹಳ್ಳಿಯಲ್ಲಿ ಗಟ್ಟಿಯಾಗಿ ಹೇಳಿದವರು ಆ ತಲೆಮಾರಿನವರು.

ಆದ್ದರಿಂದ ಸಲಿಗೆಯನ್ನು ಅಳೆಯಲು ಒಂದು ಸುಲಭದ ಪರೀಕ್ಷೆ ಇದೆ. ನಾನು ಕೇಳದೆ ಯಾರ ಮನೆಯಿಂದ ಒಯ್ದೆನೋ, ಅವರೂ ನನ್ನ ಮನೆಯಿಂದ ಕೇಳದೆ ಒಯ್ಯಬಹುದೇ? ಹೌದು ಎಂದಾದರೆ ಅದು ನೆರೆಹೊರೆ.

ನಾಲೆ ಬಂದ ಮೇಲೆ

ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದು ನಾಲೆಯ ನೀರು ನಮ್ಮ ಕಡೆ ಬಂದ ಮೇಲೆ ಬೇಸಾಯ ಬದಲಾಯಿತು, ಅದರ ಜೊತೆ ಎರವಲೂ ಬದಲಾಯಿತು. ಮಳೆ ನಂಬಿದ ಹೊಲದಲ್ಲಿ ಕೂರಿಗೆ, ಕುಂಟೆ ವರ್ಷದಲ್ಲಿ ಬಹಳ ದಿನ ಸುಮ್ಮನೆ ಬಿದ್ದಿರುತ್ತಿದ್ದವು. ಸುಮ್ಮನೆ ಇರುವ ವಸ್ತು ಒಯ್ದರೆ ಒಡೆಯನಿಗೆ ನಷ್ಟ ಕಡಿಮೆ. ಭತ್ತದ ಗದ್ದೆ ಹಾಗಲ್ಲ. ನೀರು ಬಿಟ್ಟ ವಾರ ಎಲ್ಲರಿಗೂ ಒಂದೇ ಸಲ ಕೆಲಸ. ಟ್ರ್ಯಾಕ್ಟರ್, ಟಿಲ್ಲರ್, ಕಟಾವು ಯಂತ್ರ ಬಂದವು, ಅವಕ್ಕೆಲ್ಲ ಗಂಟೆಗೆ ಇಷ್ಟು ಎಂಬ ಬಾಡಿಗೆ ಬಂತು. ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿತು. ಗಂಟೆಗೆ ಬೆಲೆ ಇರುವ ವಸ್ತುವನ್ನು ಕೇಳದೆ ಒಯ್ದರೆ ಒಡೆಯನ ಜೇಬಿನಿಂದ ದುಡ್ಡು ತೆಗೆದ ಹಾಗೆಯೇ. ಈಗಿನವರಿಗೆ ಸಿಟ್ಟು ಬೇಗ ಬರುತ್ತದೆ ಎಂದು ಹಿರಿಯರು ಬೇಸರಪಡುವುದಕ್ಕೆ ಮುಂಚೆ ಈ ಲೆಕ್ಕವನ್ನೂ ನೋಡಬೇಕು.

ಇಂದು ನಮ್ಮ ಕಡೆ ಕೇಳದೆ ಒಯ್ಯುವ ದೊಡ್ಡ ವಸ್ತು ಎಂದರೆ ನಾಲೆಯ ನೀರೇ. ಅಣೆಕಟ್ಟು 186 ಅಡಿ ತುಂಬಿದ ವರ್ಷವೂ ಮಲೇಬೆನ್ನೂರು ಸುತ್ತಿನ ಕೊನೆ ಭಾಗದ ರೈತರು ನೀರಿಗಾಗಿ ರಸ್ತೆಗೆ ಇಳಿದದ್ದುಂಟು. ಮೇಲಿನವರು ಪಂಪ್‌ಸೆಟ್ ಹಚ್ಚಿ, ತೂಬು ಎತ್ತಿ ಎಳೆದುಕೊಂಡರೆ ಕೆಳಗಿನ ಗದ್ದೆ ಬಿರುಕು ಬಿಡುತ್ತದೆ. "ಹರಿಯುವ ನೀರಿಗೆ ಯಾರನ್ನು ಕೇಳಬೇಕು?" ಎಂಬುದು ಮೇಲಿನವರ ಮಾತು. ಆದರೆ ಹಾರೆ ನಾಳೆ ವಾಪಸ್ ಬರುತ್ತದೆ. ಸರದಿ ತಪ್ಪಿಸಿ ಎಳೆದ ನೀರು ಬರುವುದಿಲ್ಲ. ಕೊನೆ ಭಾಗದವನಿಗೆ ಮೇಲಿನವನ ನೀರು ಒಯ್ಯುವ ದಾರಿಯೂ ಇಲ್ಲ. ನೆರೆಹೊರೆಯ ಪರೀಕ್ಷೆಯಲ್ಲಿ ಇದು ಮೊದಲ ಹೆಜ್ಜೆಯಲ್ಲೇ ಸೋಲುತ್ತದೆ. 1965ರ ಕರ್ನಾಟಕ ನೀರಾವರಿ ಕಾಯ್ದೆಯಲ್ಲೂ ಇದು ಅಪರಾಧ. ನಾಲೆಯಿಂದ ಅಕ್ರಮವಾಗಿ ನೀರು ಎತ್ತುವುದನ್ನು ತಡೆಯಲೆಂದೇ 2024ರಲ್ಲಿ ಆ ಕಾಯ್ದೆಗೆ ತಿದ್ದುಪಡಿಯನ್ನೂ ತಂದರು.

ಈಗ ಏನು ಮಾಡೋಣ?

ಹಳೆಯ ಎರವಲು ಸಂಪೂರ್ಣ ಹೋಗಲಿ ಎಂದು ಯಾರೂ ಬಯಸುವುದಿಲ್ಲ. ವರ್ಷಕ್ಕೆ ಎರಡು ಸಲ ಬೇಕಾಗುವ ಏಣಿಯನ್ನು ಪ್ರತಿ ಮನೆಯೂ ಕೊಳ್ಳುವುದು ದಂಡ. ದೊಡ್ಡ ಯಂತ್ರಗಳಿಗೆ ಹೋಬಳಿ ಮಟ್ಟದಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳಿವೆ. ಅಲ್ಲಿ ಬಾಡಿಗೆ, ಹೊತ್ತು ಎಲ್ಲವೂ ಮೊದಲೇ ಗೊತ್ತಿರುವುದರಿಂದ ಜಗಳ ಕಡಿಮೆ. ಸಣ್ಣ ವಸ್ತುಗಳಿಗೆ ನೆರೆಮನೆಯೇ ಸಾಕು.

ಹಿಂದೆ ಕೇಳದೆ ಒಯ್ದವರಿಗೆ ಒಂದು ನ್ಯಾಯವಾದ ಕಾರಣ ಇತ್ತು. ಒಡೆಯ ಹೊಲಕ್ಕೆ ಹೋಗಿರುತ್ತಿದ್ದ, ಕರೆದರೆ ಕೇಳುತ್ತಿರಲಿಲ್ಲ, ಕೆಲಸ ಕಾಯುತ್ತಿರಲಿಲ್ಲ. ಗೆಳೆಯನ ಪುಸ್ತಕದ ಉದಾಹರಣೆಯಲ್ಲೂ ಗೆಳೆಯ ಮನೆಯಲ್ಲಿ ಇರಲಿಲ್ಲ. ಈಗ ಅದೇ ಒಡೆಯನ ಅಂಗಿ ಜೇಬಿನಲ್ಲಿ ಫೋನ್ ಇದೆ, ನಮ್ಮ ಕೈಯಲ್ಲೂ ಇದೆ. "ಅಣ್ಣಾ, ಹಾರೆ ಒಯ್ತಿದೀನಿ, ಸಂಜೆ ತಂದಿಡ್ತೀನಿ" ಎನ್ನಲು ಅರ್ಧ ನಿಮಿಷ ಸಾಕು. "ಮನೇಲಿ ಯಾರೂ ಇರಲಿಲ್ಲ" ಎಂಬ ಮಾತಿಗೆ ಇನ್ನು ಬೆಲೆ ಇಲ್ಲ.