ಬೋಲ್ಟ್ ಬಿಗಿಯ ಎಂಟು ದಶಕ

ಮುಂಬಯಿ ಕನ್ನಡಿಗರಿಗೆ ಕುರ್ಲಾ ಎಂದೊಡನೆ ನೆನಪಾಗುವುದು ಬಂಟರ ಸಂಘ. ಅದೇ ಕುರ್ಲಾದ ಪಶ್ಚಿಮ ಬದಿಯಲ್ಲಿ, ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗದ ಮಗ್ಗುಲಲ್ಲಿ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಾರುಗಳು ತಯಾರಾದವು. ಜನರಲ್ ಮೋಟಾರ್ಸ್ 1928ರಲ್ಲೇ ಶಿವ್ಡಿಯಲ್ಲಿ ಕಾರು ಜೋಡಿಸಲು ತೊಡಗಿತ್ತಾದರೂ ಈ ನಗರದ ಸಾಮಾನ್ಯ ಮನುಷ್ಯನ ಕೈಗೆ ಪಾನಾ ಕೊಟ್ಟದ್ದು ಕುರ್ಲಾವೇ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಮೊದಲು ಅಮೆರಿಕದ ಡಾಜ್, ಪ್ಲಿಮತ್‌ಗಳನ್ನು ಜೋಡಿಸಿತು. ಐವತ್ತರ ದಶಕದಲ್ಲಿ ಫಿಯೆಟ್ ಬಂತು. 1964ರ ಫಿಯೆಟ್ 1100 ಡಿಲೈಟ್ ಹತ್ತು ವರ್ಷದ ಬಳಿಕ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆದು, ಕಪ್ಪು-ಹಳದಿ ಟ್ಯಾಕ್ಸಿಯಾಗಿ ಮುಂಬಯಿಯ ಗುರುತೇ ಆಯಿತು.

ಪದ್ಮಿನಿಯದು 1089 ಸಿಸಿಯ ಎಂಜಿನ್, ಸುಮಾರು 40 ಅಶ್ವಶಕ್ತಿ. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು. ಕಾರು ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿದ್ದ ಆ ಕಾಲದಲ್ಲಿ, ಒಮ್ಮೆ ಮನೆಗೆ ಬಂದ ಕಾರು ದಶಕಗಳ ಕಾಲ ಬಾಳಲೇಬೇಕಿತ್ತು. ಹಾಗಾಗಿ ಮಾಟುಂಗಾ, ದಾದರ್, ಚೆಂಬೂರಿನ ಮಾಲೀಕರು ಪ್ಲಗ್ ಉಜ್ಜುವುದು, ಪಾಯಿಂಟ್ ಹೊಂದಿಸುವುದು, ಟ್ಯಾಪೆಟ್ ಅಂತರ ನೋಡುವುದು, ಕಾರ್ಬುರೇಟರ್ ಬಿಚ್ಚಿ ತೊಳೆಯುವುದು, ಎಲ್ಲವನ್ನೂ ಕಲಿತರು. ಬೇಕಾದ ನಟ್-ಬೋಲ್ಟು, ಹತಾರಗಳಿಗೆ ನಾಗದೇವಿ ಸ್ಟ್ರೀಟ್ ಇತ್ತು. ಹಳೆಯ ಬಿಡಿಭಾಗಗಳಿಗೆ ಚೋರ್ ಬಜಾರ್ ಮತ್ತು ಕುರ್ಲಾ. ಬಿಗಿ ಎಷ್ಟಿರಬೇಕು ಎಂಬುದನ್ನು ನಿರ್ಧರಿಸುತ್ತಿದ್ದುದು ಮಾತ್ರ ಕೈ. ಮಿಸ್ತ್ರಿಯ ಬಳಿ ಕೆಲಸ ಕಲಿಯುವ ಹುಡುಗ ಮೊದಲು ಬೋಲ್ಟಿನ ಮರೆ (ತಿರುಪಿನ ಎಳೆ) ಕೆಡಿಸುತ್ತಿದ್ದ, ಆಮೇಲೆ ಎಲ್ಲಿ ನಿಲ್ಲಿಸಬೇಕೆಂದು ಅವನ ಮಣಿಕಟ್ಟಿಗೇ ತಿಳಿಯುತ್ತಿತ್ತು. ಆ ಕೌಶಲವನ್ನು ನಾನು ಹಗುರವಾಗಿ ಕಾಣಲಾರೆ. ಕಡಿಮೆ ವೇಗ, ಕಡಿಮೆ ಶಕ್ತಿಯ ಆ ಗಾಡಿಗಳಿಗೆ ಅದು ಸಾಕಾಗುತ್ತಿತ್ತು.

ಬಿಗಿಯನ್ನು ಅಳೆಯುವ ಉಪಕರಣ ಆಗಲೇ ಇತ್ತು. ನ್ಯೂಯಾರ್ಕ್ ನಗರದ ಜಲ ಇಲಾಖೆಯಲ್ಲಿದ್ದ ಕಾನ್ರಾಡ್ ಬಾರ್, ಕೊಳವೆಗಳ ಬೋಲ್ಟನ್ನು ಅತಿಯಾಗಿ ಬಿಗಿದು ಮುರಿಯುವುದನ್ನು ತಪ್ಪಿಸಲು 1918ರ ಸುಮಾರಿಗೆ ಟಾರ್ಕ್ ರೆಂಚ್ ರೂಪಿಸಿದ್ದ. ನಮ್ಮ ಕಾರ್ಖಾನೆಗಳ ಒಳಗೆ ಅದು ಬಳಕೆಯಲ್ಲಿದ್ದರೂ ಬೀದಿಯ ಗ್ಯಾರೇಜಿಗೆ, ಮನೆಯ ಹತಾರ ಪೆಟ್ಟಿಗೆಗೆ ಇಳಿಯಲು ಬಹಳ ಕಾಲ ಹಿಡಿಯಿತು.

ಬದಲಾವಣೆ ಶುರುವಾದದ್ದು 1983ರ ಮಾರುತಿ 800ರಿಂದ. 1993ರ ಝೆನ್ ಇನ್ನೂ ಮುಂದೆ ಹೋಯಿತು: ಅದರ ಎಂಜಿನ್ನಿನ ಹೆಡ್ ಮಾತ್ರವಲ್ಲ, ಬ್ಲಾಕ್ ಕೂಡ ಅಲ್ಯೂಮಿನಿಯಮ್. ಮೆದು ಲೋಹದಲ್ಲಿ ಕೊರೆದ ಮರೆಗೆ ಕಬ್ಬಿಣಕ್ಕೆ ಒಗ್ಗಿದ ಕೈ ಒಂದೇ ಸೆಳೆತಕ್ಕೆ ಹಾನಿ ಮಾಡಬಲ್ಲದು. ಆಯಿಲ್ ಬದಲಿಸುವಾಗ ಡ್ರೈನ್ ಬೋಲ್ಟಿನ ಮರೆ ಹಾಳಾದ ಕಾರುಗಳು ಇವತ್ತಿಗೂ ಗ್ಯಾರೇಜುಗಳಲ್ಲಿ ಸಿಗುತ್ತವೆ. ಮುಂದೆ ಕಾರ್ಬುರೇಟರ್ ಹೋಗಿ ಇಂಧನ ಇಂಜೆಕ್ಷನ್ ಬಂದಾಗ ಮಾಲೀಕರು ಪಾನಾ ಕೆಳಗಿಟ್ಟರು. ಕಂಪನಿ ಸರ್ವಿಸ್, ವಾರಂಟಿ, ಸೊಸೈಟಿಯ ಅಂಗಳದಲ್ಲಿ ದುರಸ್ತಿ ನಿಷೇಧ, ಮೂರೂ ಒಟ್ಟಿಗೆ ಬಂದವು. ಒಂದಿಡೀ ತಲೆಮಾರು ಬಾನೆಟ್ ಎತ್ತುವುದನ್ನೇ ಬಿಟ್ಟಿತು.

ವೇಗದ ಕಾರು ಬಂದದ್ದೂ ಇದೇ ಹೊತ್ತಿಗೆ. 2001ರಲ್ಲಿ ಬಂದ ಫಿಯೆಟ್ ಪಾಲಿಯೊ ಕುರ್ಲಾದಲ್ಲೇ ತಯಾರಾಗುತ್ತಿತ್ತು. ಅದರ 1.6 ಲೀಟರ್ ಎಂಜಿನ್ನಿನ ಮಾದರಿ ಸುಮಾರು 100 ಅಶ್ವಶಕ್ತಿಯದು. ನನ್ನ ಮಟ್ಟಿಗೆ ಅದೇ ಮುಂಬಯಿಯ ಸ್ವಂತ ಪರ್ಫಾರ್ಮೆನ್ಸ್ ಕಾರು. 2002ರ ಹೊತ್ತಿಗೆ ಪುಣೆ ಎಕ್ಸ್‌ಪ್ರೆಸ್‌ವೇ ಪೂರ್ತಿ ತೆರೆದಿತ್ತು, ಓಡಿಸಲು ರಸ್ತೆಯೂ ಸಿಕ್ಕಿತು. 2004ರಲ್ಲಿ ಟರ್ಬೊ ಪೆಟ್ರೋಲ್ ಎಂಜಿನ್ನಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 2013ರಲ್ಲಿ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, 2015ರಲ್ಲಿ ಫಿಯೆಟ್‌ನ ರಂಜನ್‌ಗಾಂವ್ ಕಾರ್ಖಾನೆಯಿಂದ 145 ಅಶ್ವಶಕ್ತಿಯ ಅಬಾರ್ಥ್ ಪುಂಟೊ. ಆಂಬಿ ವ್ಯಾಲಿಯ ವಿಮಾನ ಪಟ್ಟಿಯ ಮೇಲೆ ಡ್ರ್ಯಾಗ್ ಓಟಗಳು ನಡೆದವು. ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಲೆಕ್ಕ ತುಂಬಿ ಶಕ್ತಿ ಹೆಚ್ಚಿಸುವ ರೀಮ್ಯಾಪ್ ಬಂತು. ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದ್ದನ್ನು ಈ ಕ್ಷೇತ್ರದವರು ಮರೆಯಬಾರದು.

ಇಂಥ ಕಾರಿನಲ್ಲಿ ಕೈಯಳತೆ ಯಾಕೆ ಸಾಲದು ಎಂಬುದಕ್ಕೆ ಲೆಕ್ಕವೇ ಉತ್ತರ. ಬೋಲ್ಟನ್ನು ಬಿಗಿದಾಗ ಅದು ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ ಬೋಲ್ಟು ಮತ್ತೆ ಕುಗ್ಗಲು ಎಳೆಯುವ ಬಲವೇ ಎರಡು ಭಾಗಗಳನ್ನು ಒತ್ತಿ ಹಿಡಿಯುವುದು. ಆದರೆ ನಾವು ಹಾಕಿದ ತಿರುಚು ಬಲದಲ್ಲಿ ಹತ್ತನೆಯ ಒಂದು ಪಾಲು ಮಾತ್ರ ಈ ಹಿಡಿತವಾಗುತ್ತದೆ. ಸುಮಾರು ಅರ್ಧ ಬೋಲ್ಟಿನ ತಲೆಯಡಿಯ ಘರ್ಷಣೆಗೆ, ಉಳಿದದ್ದು ಮರೆಯೊಳಗಿನ ಘರ್ಷಣೆಗೆ ಹೋಗುತ್ತದೆ. 12 ಮಿ.ಮೀ. ದಪ್ಪದ ಒಣ ಬೋಲ್ಟಿಗೆ 100 ನ್ಯೂಟನ್ ಮೀಟರ್ ತಿರುಚು ಬಲ ಹಾಕಿದರೆ ಸಿಗುವ ಹಿಡಿತ ಸುಮಾರು 4 ಟನ್. ಅದೇ ಬೋಲ್ಟಿಗೆ ಎಣ್ಣೆ ಸವರಿ ಅಷ್ಟೇ ಬಿಗಿದರೆ ಐದೂವರೆ ಟನ್ ದಾಟಬಹುದು. ತಲೆಯ ಮೇಲೆ 8.8 ಎಂದು ಕೊರೆದ ಆ ಗಾತ್ರದ ಸಾಮಾನ್ಯ ಬೋಲ್ಟು ಶಾಶ್ವತವಾಗಿ ಹಿಗ್ಗದೆ ತಾಳುವುದು ಸುಮಾರು 5 ಟನ್. ‘ಸ್ವಲ್ಪ ಎಣ್ಣೆ ಹಾಕಿದರೆ ಒಳ್ಳೆಯದು’ ಎಂಬ ಮಾತು ಚಕ್ರದ ಬೋಲ್ಟಿನ ವಿಷಯದಲ್ಲಿ ಅಪಾಯಕಾರಿ. ತಯಾರಕರ ಪುಸ್ತಕ ಒಣ ಎಂದರೆ ಒಣ.

ಮುಂಬಯಿಗೆ ಇದರ ಮೇಲೆ ಇನ್ನೊಂದು ಕಷ್ಟವಿದೆ. ನಾಲ್ಕು ತಿಂಗಳ ಮಳೆ, ವರ್ಷವಿಡೀ ಉಪ್ಪುಗಾಳಿ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದ 2005ರ ಜುಲೈ 26ರ ನಂತರ ಮುಳುಗಿದ್ದ ಕಾರುಗಳ ಅಡಿಭಾಗ ಕಂಡವರಿಗೆ ನೀರು ಏನು ಮಾಡುತ್ತದೆಂದು ಗೊತ್ತು. ತುಕ್ಕು ಹಿಡಿದ ಬೋಲ್ಟಿಗೆ ಟಾರ್ಕ್ ರೆಂಚ್ ಹಾಕಿದರೆ ಹೊಂದಿಸಿದ ಅಳತೆ ಮುಟ್ಟಿತೆಂದು ಅದು ‘ಟಕ್’ ಎನ್ನುತ್ತದೆ, ನಾವು ಬಿಗಿಯಿದೆ ಎಂದು ನಂಬುತ್ತೇವೆ. ನಿಜದಲ್ಲಿ ರೆಂಚಿಗೆ ಎದುರು ನಿಂತದ್ದು ತುಕ್ಕು, ಹಿಡಿತವಲ್ಲ. ತುಕ್ಕಿಲ್ಲದಿದ್ದರೂ, ನಿಂತ ಬೋಲ್ಟನ್ನು ಕದಲಿಸಲು ತಿರುಗುತ್ತಿರುವ ಬೋಲ್ಟಿಗಿಂತ ಹೆಚ್ಚು ಬಲ ಬೇಕು. ಆದ್ದರಿಂದ ಬರೀ ‘ಟಕ್’ ಕೇಳಿ ಪರೀಕ್ಷೆ ಮುಗಿಯಿತು ಎನ್ನುವಂತಿಲ್ಲ. ಚಕ್ರದ ಬೋಲ್ಟಾದರೆ ಒಂದೊಂದನ್ನೇ ಕಾಲು ಸುತ್ತು ಸಡಿಲಿಸಿ, ಪುಸ್ತಕದ ಅಳತೆಗೆ ಒಂದೇ ಸಮ ಎಳೆತದಲ್ಲಿ ಬಿಗಿಯಬೇಕು. ಚಕ್ರ ಕಳಚಿ ಹಾಕಿದ್ದರೆ ಎದುರುಬದುರಿನ ಕ್ರಮ ಪಾಲಿಸಬೇಕು. ಪೋಲೊ ಜಿಟಿಯ ಚಕ್ರಕ್ಕೆ 120 ನ್ಯೂಟನ್ ಮೀಟರ್. ಉಳಿದ ಕಾರುಗಳು ಬಹುಪಾಲು 80ರಿಂದ 140ರ ನಡುವೆ, ಆದರೆ ನಿಮ್ಮ ಕಾರಿನ ಅಂಕಿ ನಿಮ್ಮ ಪುಸ್ತಕದಲ್ಲೇ ನೋಡಬೇಕು.

ಟೈರ್ ಅಂಗಡಿಯ ಗಾಳಿ ಗನ್ ಬಂದ ಮೇಲೆ ಹೀಗೆ ಅಳೆದು ಬಿಗಿಯುವ ಕೆಲಸ ಹೆಚ್ಚು ಅಗತ್ಯವಾಗಿದೆ. ಅದು ಬಿಗಿಯುವುದಕ್ಕೆ ಲೆಕ್ಕವಿಲ್ಲ. ಅತಿಬಿಗಿಯಿಂದ ಬೋಲ್ಟು ಹಿಗ್ಗುತ್ತದೆ, ಒಂದೊಂದು ಬೋಲ್ಟಿಗೆ ಒಂದೊಂದು ಬಿಗಿಯಾದರೆ ಬ್ರೇಕ್ ಡಿಸ್ಕ್ ಓರೆಯಾಗಿ ಬ್ರೇಕ್ ಹಾಕಿದಾಗ ಸ್ಟೀರಿಂಗ್ ನಡುಗುತ್ತದೆ. ಹೆದ್ದಾರಿಯಲ್ಲಿ ಪಂಕ್ಚರ್ ಆದರೆ ಕಾರಿನಲ್ಲಿರುವ ಪುಟ್ಟ ಪಾನಾದಿಂದ ಆ ಬೋಲ್ಟು ಬಿಚ್ಚುವುದೇ ಇಲ್ಲ.

ಸಸ್ಪೆನ್ಷನ್ನಿನಲ್ಲಿ ಬಹಳ ಮಂದಿ ಅನುಭವಿಗಳೂ ತಪ್ಪುತ್ತಾರೆ. ರಬ್ಬರ್ ಬುಷ್ ಹಾದುಹೋಗುವ ಬೋಲ್ಟನ್ನು ಕಾರು ಜಾಕ್ ಮೇಲೆ ತೂಗುತ್ತಿರುವಾಗ ಪೂರ್ತಿ ಬಿಗಿದರೆ, ಕಾರು ಕೆಳಗಿಳಿದಾಗ ಬುಷ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಗಾಡಿಯ ಭಾರ ಚಕ್ರದ ಮೇಲಿದ್ದಾಗಲೇ ಕೊನೆಯ ಬಿಗಿ. ಇನ್ನು ಎಂಜಿನ್ ಹೆಡ್ಡಿನಂಥ ಕಡೆ ಇಂತಿಷ್ಟು ನ್ಯೂಟನ್ ಮೀಟರ್, ಆಮೇಲೆ ಇಂತಿಷ್ಟು ಡಿಗ್ರಿ ಎಂದು ಬಿಗಿಯುವ, ಒಮ್ಮೆ ಬಿಚ್ಚಿದರೆ ಎಸೆಯಬೇಕಾದ ಬೋಲ್ಟುಗಳಿರುತ್ತವೆ. ಅವನ್ನು ಮನೆಯಲ್ಲಿ ‘ಚೆಕ್’ ಮಾಡಲೇಬಾರದು. ಸರಿಯಾಗಿ ಬಿಗಿದ ಬೋಲ್ಟಿನ ತಲೆಯಿಂದ ಪಕ್ಕದ ಲೋಹಕ್ಕೆ ಬಣ್ಣದ ಗೆರೆ ಎಳೆದಿಟ್ಟರೆ, ಮುಂದಿನ ಸಲ ಗೆರೆ ಮುರಿದಿದೆಯೇ ಎಂದು ನೋಡಿದರೆ ಸಾಕು. ಇಷ್ಟು ಸುಲಭದ ಉಪಾಯ ನಮ್ಮಲ್ಲಿ ಇಷ್ಟು ಕಡಿಮೆ ಬಳಕೆಯಲ್ಲಿರುವುದು ನನಗೆ ಬೇಸರದ ಸಂಗತಿ.

ಬ್ರೇಕ್ ದ್ರವದ ಬಗ್ಗೆಯೂ ಒಂದು ಮಾತು. ಅದು ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ದ್ರವ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಖಂಡಾಲಾ ಘಾಟಿನ ಇಳಿಜಾರಿನಲ್ಲಿ ಅದರ ಅರ್ಥ ಗೊತ್ತಾಗುತ್ತದೆ. ಮುಂಬಯಿಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸಿ.

2003ರಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿ 20 ವರ್ಷದ ಮಿತಿ ಮುಗಿಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಕುರ್ಲಾದ ಕಾರ್ಖಾನೆಯ ನೆಲದಲ್ಲಿ ಈಗ ಕಟ್ಟಡಗಳಿವೆ. ಅಚ್ಚರಿಯೆಂದರೆ ಮನೆಯ ದುರಸ್ತಿ ಮರಳಿ ಬಂದಿದೆ. ವಾರಂಟಿ ಮುಗಿದ ಪೋಲೊ, ಆಕ್ಟೇವಿಯಾಗಳನ್ನು ಕೊಂಡ ಯುವಕರು ಥಾಣೆ, ಮುಲುಂಡ್, ಮೀರಾ ರೋಡ್‌ಗಳ ಪಾರ್ಕಿಂಗ್‌ನಲ್ಲಿ ಸ್ಕ್ಯಾನರ್ ಚುಚ್ಚಿ ದೋಷ ಓದುತ್ತಾರೆ, ಟಾರ್ಕ್ ರೆಂಚ್ ಹಿಡಿಯುತ್ತಾರೆ. ಹಿಂದಿನವರ ಕೈಚಳಕ ಇವರಿಗಿಲ್ಲ, ಅಳತೆಯ ಶಿಸ್ತು ಇದೆ. ಈಗಿನ ಕಾರುಗಳಿಗೆ ಬೇಕಾದದ್ದು ಎರಡನೆಯದೇ.

ಅವರಿಗೆ ನನ್ನ ಕೋರಿಕೆ: ರೀಮ್ಯಾಪ್‌ಗೆ, ಹೊಸ ಅಲಾಯ್‌ಗೆ ಹಣ ಹಾಕುವ ಮೊದಲು ಒಳ್ಳೆಯ ಟಾರ್ಕ್ ರೆಂಚ್ ಮತ್ತು ಒಂದು ಜೊತೆ ಗಟ್ಟಿ ಜಾಕ್ ಸ್ಟ್ಯಾಂಡ್ ಕೊಳ್ಳಿ. ಕೆಲಸ ಮುಗಿದ ಮೇಲೆ ರೆಂಚನ್ನು ಅದರ ಅತಿ ಕಡಿಮೆ ಅಳತೆಗೆ ಇಳಿಸಿಡಿ, ವರ್ಷಕ್ಕೊಮ್ಮೆ ಅಳತೆ ಪರೀಕ್ಷೆ ಮಾಡಿಸಿ. ಬರೀ ಜಾಕ್ ನಂಬಿ ಕಾರಿನಡಿ ನುಸುಳಬೇಡಿ. ಹಳೆಯ ಆಯಿಲ್ ಗಟಾರಕ್ಕೆ ಸುರಿಯಬೇಡಿ. ಸೊಸೈಟಿಯ ಪದಾಧಿಕಾರಿಗಳಿಗೂ ಒಂದು ಮನವಿ: ಎಣ್ಣೆ ತಟ್ಟೆ ಇಟ್ಟು ಕೆಲಸ ಮಾಡುವವರಿಗೆ ಒಂದು ಮೂಲೆ ಬಿಟ್ಟುಕೊಡಿ. ಚೌತಿಗೋ ಬೇಸಗೆ ರಜೆಗೋ ಪನ್ವೇಲ್ ದಾಟಿ ಹೆದ್ದಾರಿ 66ರಲ್ಲಿ ಉಡುಪಿ, ಮಂಗಳೂರಿನತ್ತ ಸುಮಾರು 900 ಕಿ.ಮೀ. ಹೊರಡುವವರು, ಹೊರಡುವ ವಾರ ಚಕ್ರ ಬಿಚ್ಚಿಸಿದ್ದರೆ, ಮೊದಲ 50ರಿಂದ 100 ಕಿ.ಮೀ. ಆದ ಮೇಲೆ ಚಕ್ರ ತಣಿಯಲು ಬಿಟ್ಟು ಪ್ರತಿ ಬೋಲ್ಟನ್ನೂ ಇನ್ನೊಮ್ಮೆ ಅಳೆದು ನೋಡಿ.