ನೆಟ್ಟಣಕ್ಕೆ ಬಂದ ರೈಲು

ನಾನು ಹುಟ್ಟಿ ಬೆಳೆದದ್ದು ಬಿಳಿನೆಲೆಯಲ್ಲಿ. ‘ಸುಬ್ರಹ್ಮಣ್ಯ ರೋಡ್’ ಎಂದು ರೈಲ್ವೆಯವರು ಬೋರ್ಡು ಹಾಕಿರುವ ನೆಟ್ಟಣದ ಸ್ಟೇಷನ್ನು ನಮ್ಮ ಮನೆಗೆ ನಡೆದೇ ಹೋಗುವಷ್ಟು ಹತ್ತಿರ. ಎಪ್ಪತ್ತರ ದಶಕದ ಮೊದಲಲ್ಲಿ ನಾನು ಶಾಲೆಗೆ ಹೋಗುವಾಗ ಅಲ್ಲಿ ಸ್ಟೇಷನ್ನೂ ಇರಲಿಲ್ಲ, ಗಾಡಿಯೂ ಇರಲಿಲ್ಲ; ಇದ್ದದ್ದು ಸದ್ದು ಮಾತ್ರ. ಘಟ್ಟದ ಕಡೆಯಿಂದ ಬಂಡೆ ಒಡೆಯುವ ಮದ್ದಿನ ಸದ್ದು ಬಂದರೆ ಹಟ್ಟಿಯಲ್ಲಿ ದನಗಳು ಕಿವಿ ನಿಮಿರಿಸುತ್ತಿದ್ದವು. ಅಪ್ಪ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ಹಾಗೇ ಹಿಡಿದು, “ಇನ್ನೊಂದು ಸುರಂಗ ಆಗ್ತಾ ಉಂಟು” ಎನ್ನುತ್ತಿದ್ದರು. ನಮ್ಮ ಕಡೆ ಸುರಂಗವೆಂದರೆ ನೀರಿಗಾಗಿ ಗುಡ್ಡದ ಹೊಟ್ಟೆಗೆ ಕೊರೆಯುವ ಕಿರಿದಾದ ಗುಹೆ; ಒಬ್ಬ ಬಗ್ಗಿ ಒಳಗೆ ಹೋಗಬಹುದು. ರೈಲೇ ತೂರಿ ಹೋಗುವ ಸುರಂಗ ಎಂದರೆ ಎಷ್ಟು ದೊಡ್ಡದಿರಬಹುದು ಎಂದು ನನಗೆ ಊಹೆಗೇ ಸಿಗುತ್ತಿರಲಿಲ್ಲ.

ಈಗ ನನ್ನ ವಾಸ ಬೆಂಗಳೂರಿನ ಮಲ್ಲೇಶ್ವರದಲ್ಲಿ. ಊರಿಗೆ ಹೊರಟಾಗಲೆಲ್ಲ ಮಗಳು, “ಅಪ್ಪಾ, ಈ ವಯಸ್ಸಿನಲ್ಲಿ ಇಡೀ ದಿನ ಯಾಕೆ ಕೂತು ಹೋಗ್ತೀರಿ, ವಿಮಾನಕ್ಕೆ ಟಿಕೆಟ್ ಮಾಡ್ತೇನೆ” ಎನ್ನುತ್ತಾಳೆ. ಅವಳ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ನಾನು ರೈಲಿನಲ್ಲೇ ಹೋಗುತ್ತೇನೆ. ಯಾಕೆ ಎಂದು ಹೇಳಬೇಕಾದರೆ ಆ ಹಳಿಯ ಚರಿತ್ರೆಯನ್ನೇ ಹೇಳಬೇಕು.

ಕರಾವಳಿಗೆ ವಿಮಾನ ಮೊದಲು ಬಂತು, ಬೆಂಗಳೂರಿನ ರೈಲು ಆಮೇಲೆ ಬಂತು. ಇದನ್ನು ಈಗಿನವರು ಸುಲಭಕ್ಕೆ ನಂಬುವುದಿಲ್ಲ. ಮಂಗಳೂರಿನ ಬಜ್ಪೆಯ ವಿಮಾನ ನಿಲ್ದಾಣ ಶುರುವಾದದ್ದು 1951ರ ಡಿಸೆಂಬರಿನಲ್ಲಿ; ಪ್ರಧಾನಿ ನೆಹರೂ ಅಲ್ಲಿಗೆ ವಿಮಾನದಲ್ಲೇ ಬಂದಿಳಿದಿದ್ದರು. ಘಟ್ಟ ಇಳಿದು ಮಂಗಳೂರಿಗೆ ಬರುವ ಹಳಿ ಪೂರ್ತಿಯಾದದ್ದು 1979ರಲ್ಲಿ. ನಡುವೆ 28 ವರ್ಷ.

ಹಾಗೆಂದು ಮಂಗಳೂರಿಗೆ ರೈಲೇ ಇರಲಿಲ್ಲವೆಂದಲ್ಲ. 1907ರಲ್ಲೇ ಮದರಾಸಿನ ಹಳಿ ಮಲಬಾರಿನ ಮೂಲಕ ಮಂಗಳೂರು ಮುಟ್ಟಿತ್ತು. ಅತ್ತ ಬೆಂಗಳೂರು ದಂಡು ಪ್ರದೇಶಕ್ಕೆ ಜೋಲಾರಪೇಟೆಯಿಂದ 1864ರಲ್ಲೇ ಗಾಡಿ ಬಂದಿತ್ತು. ಎರಡೂ ಊರಿಗೆ ರೈಲಿತ್ತು, ನಡುವೆ ಮಾತ್ರ ಪಶ್ಚಿಮಘಟ್ಟ ಅಡ್ಡ ನಿಂತಿತ್ತು. ರೈಲಿನಲ್ಲೇ ಬೆಂಗಳೂರಿಗೆ ಹೋಗುತ್ತೇನೆ ಎಂದು ಹಟ ಹಿಡಿದವನು ಕಣ್ಣೂರು, ಕೋಯಿಕ್ಕೋಡ್, ಷೊರನೂರು, ಪಾಲಕ್ಕಾಡು, ಈರೋಡು, ಸೇಲಂ ಎಲ್ಲ ಸುತ್ತಿ ಜೋಲಾರಪೇಟೆಯ ದಾರಿಯಾಗಿ ಬರಬೇಕಿತ್ತು. ಉಳಿದವರಿಗೆ ಶಿರಾಡಿ ಅಥವಾ ಚಾರ್ಮಾಡಿ ಘಟ್ಟದ ಬಸ್ಸು. ವಿಮಾನದ ಟಿಕೆಟ್ ಕೊಳ್ಳುವಷ್ಟು ದುಡ್ಡು ನಮ್ಮಂಥ ಅಡಿಕೆ ತೋಟದವರ ಕೈಯಲ್ಲಿ ಎಲ್ಲಿತ್ತು? ನಮ್ಮ ಮಟ್ಟಿಗೆ ಅದು ನೆತ್ತಿಯ ಮೇಲೆ ಹಾದುಹೋಗುವ ಸದ್ದಷ್ಟೆ.

ಆಗ ದಕ್ಷಿಣ ಕನ್ನಡವನ್ನು ಹೊರಲೋಕಕ್ಕೆ ಜೋಡಿಸಬೇಕೆಂದು ಹಗಲಿರುಳು ಓಡಾಡಿದವರು ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯ. ವಿಮಾನ ನಿಲ್ದಾಣ, ಬಂದರು, ಹೆದ್ದಾರಿ, ರೈಲು ಎಲ್ಲದರ ಹಿಂದೆಯೂ ಅವರ ದುಡಿಮೆಯಿದೆ. 1965ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು, ಗಾಡಿ ಓಡುವುದನ್ನು ನೋಡಲಿಲ್ಲ. ಹಾಸನ–ಮಂಗಳೂರು ಹಳಿಗೆ ಸರಕಾರ ಮನಸ್ಸು ಮಾಡಿದ್ದರ ಹಿಂದೆ ನಮ್ಮ ಪ್ರಯಾಣಕ್ಕಿಂತ ದೊಡ್ಡದಾಗಿ ಇದ್ದದ್ದು ಪಣಂಬೂರಿನ ಹೊಸ ಬಂದರು. ಒಳನಾಡಿನ ಅದಿರು ಸಮುದ್ರ ಮುಟ್ಟಲು ಹಳಿ ಬೇಕಿತ್ತು. ಆ ಬಂದರು 1974ರಲ್ಲಿ ದೇಶದ ದೊಡ್ಡ ಬಂದರುಗಳ ಸಾಲಿಗೆ ಸೇರಿತು. ಅದಿರಿಗಾಗಿ ಹಾಕಿದ ಹಳಿ ನಮ್ಮನ್ನೂ ಹತ್ತಿಸಿಕೊಂಡಿತು.

ಘಟ್ಟದ ಮೇಲಿನ ಸಕಲೇಶಪುರದಿಂದ ನೆಟ್ಟಣಕ್ಕೆ ಸುಮಾರು 55 ಕಿಲೋಮೀಟರ್. ಅಷ್ಟರಲ್ಲಿ 57 ಸುರಂಗ, 109 ಸೇತುವೆ. ಪ್ರತಿ 50 ಅಡಿ ಮುಂದೆ ಹೋದರೆ ಒಂದು ಅಡಿ ಇಳಿಜಾರು. ರಸ್ತೆಯ ಲಾರಿಗೆ ಇದೇನೂ ದೊಡ್ಡದಲ್ಲ, ಆದರೆ ನುಣುಪು ಹಳಿಯ ಮೇಲೆ ನುಣುಪು ಚಕ್ರ ಉರುಳುವಾಗ ಇದು ಬಹಳ ಕಡಿದು. ಸಕಲೇಶಪುರದಲ್ಲಿ ಬ್ರೇಕನ್ನೆಲ್ಲ ಪರೀಕ್ಷೆ ಮಾಡಿದ ಮೇಲೆಯೇ ಗಾಡಿಯನ್ನು ಕೆಳಗೆ ಬಿಡುವುದು. ಘಟ್ಟದಲ್ಲಿ ಗಂಟೆಗೆ 30 ಕಿಲೋಮೀಟರಿಗಿಂತ ಜೋರಾಗಿ ಓಡುವಂತಿಲ್ಲ. ಬ್ರೇಕು ತಪ್ಪಿ ಗಾಡಿ ಉರುಳಿ ಬಂದರೆ ಏನು ಗತಿ ಎಂದು ಯೋಚಿಸಿ ‘ಕ್ಯಾಚ್ ಸೈಡಿಂಗ್’ ಎಂಬ ಕವಲು ಹಳಿ ಹಾಕಿದ್ದಾರೆ. ಅದು ದಿಣ್ಣೆ ಏರಿ ಅಲ್ಲಿಗೇ ಮುಗಿಯುತ್ತದೆ. ಹಿಡಿತ ತಪ್ಪಿದ ಗಾಡಿಯನ್ನು ಅತ್ತ ತಿರುಗಿಸಿದರೆ ಏರಿನಲ್ಲಿ ದಣಿದು ತಾನೇ ನಿಲ್ಲುತ್ತದೆ. ನೆಟ್ಟಣದಿಂದ ಮೇಲೆ ಹತ್ತುವ ಗಾಡಿಗೆ ಹಿಂದಿನಿಂದ ತಳ್ಳಲು ಬೇರೆ ಎಂಜಿನ್ನು ಜೋಡಿಸುತ್ತಾರೆ. ಗಾಡಿ ಶುರುವಾದ ಹೊಸದರಲ್ಲಿ ಅದರ ಏದುಸಿರು ಕೇಳಿಯೇ ಗಾಡಿ ಯಾವ ತಿರುವು ದಾಟಿತು ಎಂದು ನಾವು ಹೇಳುತ್ತಿದ್ದೆವು.

ಘಟ್ಟದ ನಡುವೆ ಇರುವುದು ಯಡಕುಮೇರಿ ಸ್ಟೇಷನ್ನು. ಅಲ್ಲಿಗೆ ಸರಿಯಾದ ರಸ್ತೆಯೇ ಇಲ್ಲ. ಅಕ್ಕಿ, ಔಷಧಿ, ಮನುಷ್ಯರು ಎಲ್ಲವೂ ಗಾಡಿಯಲ್ಲೇ ಬರಬೇಕು. ಮಳೆಗಾಲದಲ್ಲಿ ಹಳಿಯ ಕೆಲಸದವರು ಕೈಯಲ್ಲಿ ದೀಪ, ಕಂಕುಳಲ್ಲಿ ಕೆಂಪು ಬಾವುಟ ಹಿಡಿದು, ಮೈಗೆ ರೈನ್‌ಕೋಟು ಹಾಕಿಕೊಂಡು ರಾತ್ರಿಯಿಡೀ ತಮ್ಮ ಪಾಲಿನ ಹಳಿಯಲ್ಲಿ ನಡೆಯುತ್ತಾರೆ. ಎಲ್ಲಿ ಮಣ್ಣು ಜಾರಿದೆ, ಎಲ್ಲಿ ಮರ ವಾಲಿದೆ, ಎಲ್ಲಿ ಹೊಸ ಝರಿ ಹುಟ್ಟಿ ಜಲ್ಲಿಯನ್ನು ತೊಳೆಯುತ್ತಿದೆ ಎಂದು ನೋಡುವುದೇ ಅವರ ಕೆಲಸ. ಒಮ್ಮೆ ಜುಲೈಯಲ್ಲಿ ನಮ್ಮ ಗಾಡಿ ಸುರಂಗದ ಬಾಯಲ್ಲಿ ನಿಂತಿತು. ಕಿಟಕಿಯ ಹೊರಗೆ ಒಂದು ಮಾರು ದೂರದಲ್ಲಿ ಅಂಥ ಒಬ್ಬರು ಬಂಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಕಾಲಿನ ಬೆರಳ ಸಂದಿಯಿಂದ ಉಂಬಳವೊಂದನ್ನು ಕಿತ್ತು ಎಸೆದು, ಸುಣ್ಣದ ಡಬ್ಬಿ ತೆಗೆದು ಗಾಯಕ್ಕೆ ಒತ್ತಿದರು. ಗಾಡಿ ಹೊರಟಾಗ ದೀಪ ಎತ್ತಿ ತೋರಿಸಿದರು. ನನ್ನ ಪ್ರಾಣ ಯಾರ ಕೈಯಲ್ಲಿದೆ ಎಂಬುದನ್ನು ಅಷ್ಟು ಹತ್ತಿರದಿಂದ ನಾನು ಬೇರೆಲ್ಲೂ ಕಂಡಿಲ್ಲ.

ಈ ಹಳಿಗೆ ಕಷ್ಟ ತಪ್ಪಿದ್ದಲ್ಲ. ಮೀಟರ್‌ಗೇಜನ್ನು ಬ್ರಾಡ್‌ಗೇಜ್ ಮಾಡಲೆಂದು 1996ರಲ್ಲಿ ಓಡಾಟ ನಿಲ್ಲಿಸಿದರು. ಗೂಡ್ಸ್ ಗಾಡಿ ಮತ್ತೆ ಬಂದದ್ದು 2006ರಲ್ಲಿ, ಜನರ ಗಾಡಿ ಬಂದದ್ದು 2007ರ ಡಿಸೆಂಬರಿನಲ್ಲಿ. ಹದಿನೇಳು ವರ್ಷ ಓಡಿದ ರೈಲು ಹನ್ನೊಂದು ವರ್ಷ ಇಲ್ಲದೆ ಹೋಯಿತು. ಆ ಹನ್ನೊಂದು ವರ್ಷವೂ ಬಜ್ಪೆಗೆ ವಿಮಾನ ಬರುತ್ತಲೇ ಇತ್ತು. ಆದರೆ ನೆಟ್ಟಣದವನಿಗೆ, ಕಾಣಿಯೂರಿನವನಿಗೆ, ಕಬಕದವನಿಗೆ ಅದರಿಂದ ಏನೂ ಆಗಲಿಲ್ಲ. ಬೆಂಗಳೂರಿನ ಆಸ್ಪತ್ರೆಗೆ ಹೋಗಬೇಕಿದ್ದ ನಮ್ಮ ಅಮ್ಮ ಶಿರಾಡಿಯ ಗುಂಡಿಗಳಲ್ಲಿ ರಾತ್ರಿ ಬಸ್ಸಿನ ಸೀಟು ಹಿಡಿದು ಕೂತೇ ಹೋದರು. ರೈಲಿನಲ್ಲಿ ಅವರು ಕಾಲು ಚಾಚಿ ಮಲಗಬಹುದಿತ್ತು. ವಿಮಾನ ಎರಡು ಊರನ್ನು ಜೋಡಿಸುತ್ತದೆ. ರೈಲು ನಡುವಿನ ಊರುಗಳನ್ನೂ ಜೋಡಿಸುತ್ತದೆ. ಅದು ನಿಂತಾಗಲೇ ನಮಗೆ ಇದು ಮನದಟ್ಟಾದದ್ದು.

ಹೊತ್ತಿನ ಲೆಕ್ಕವನ್ನೂ ಹಾಕಿ ನೋಡೋಣ. ವಿಮಾನ ಆಕಾಶದಲ್ಲಿ ಇರುವುದು ಒಂದು ಗಂಟೆ. ಆದರೆ ಮಲ್ಲೇಶ್ವರದಿಂದ ದೇವನಹಳ್ಳಿಗೆ ಹೋಗಬೇಕು, ಅಲ್ಲಿ ಒಂದೂವರೆ ಗಂಟೆ ಮುಂಚೆ ಸಾಲಿನಲ್ಲಿ ನಿಲ್ಲಬೇಕು, ಬಜ್ಪೆಯಲ್ಲಿ ಪೆಟ್ಟಿಗೆಗೆ ಕಾಯಬೇಕು, ಆಮೇಲೆ ಕಾರು ಮಾಡಿಕೊಂಡು ಘಟ್ಟದ ಬುಡದವರೆಗೆ ವಾಪಸು ಪೂರ್ವಕ್ಕೇ ಬರಬೇಕು. ಮನೆ ಮುಟ್ಟುವಾಗ ಏಳು ಗಂಟೆ ಕಳೆದಿರುತ್ತದೆ. ಯಶವಂತಪುರದಿಂದ ಬೆಳಿಗ್ಗೆ ಹೊರಡುವ ರೈಲಿನಲ್ಲೂ ನನಗೆ ಹತ್ತಿರ ಹತ್ತಿರ ಅಷ್ಟೇ ಹೊತ್ತು. 2017ರಲ್ಲಿ ಶ್ರವಣಬೆಳಗೊಳದ ಮೇಲಿನ ನೇರ ಹಳಿ ಬಂದ ಮೇಲೆ ಮೈಸೂರನ್ನೋ ಅರಸೀಕೆರೆಯನ್ನೋ ಸುತ್ತುವುದು ತಪ್ಪಿದೆ. ಮಂಗಳೂರು ಪೇಟೆಯಲ್ಲೇ ಕೆಲಸವಿರುವವರಿಗೆ ವಿಮಾನವೇ ಬೇಗ, ಅದನ್ನು ಒಪ್ಪುತ್ತೇನೆ.

ಇನ್ನು ಸಾಮಾನು. ಒಮ್ಮೆ ವಿಮಾನದಲ್ಲಿ ಬಂದೆ. ಅಕ್ಕ ಕಟ್ಟಿಕೊಟ್ಟ ಮಿಡಿ ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ ಎಂದು ತಪಾಸಣೆಯಲ್ಲಿ ತೆಗೆಸಿದರು. ಒಣ ಕೊಬ್ಬರಿಗೂ ವಿಮಾನದಲ್ಲಿ ಎಡೆಯಿಲ್ಲ. ಎಣ್ಣೆಯಿರುವ ವಸ್ತು, ಬೆಂಕಿಯ ಭಯ. ಅವರ ನಿಯಮ ಅವರಿಗೆ ಸರಿ. ಆದರೆ ನಮ್ಮೂರಿಂದ ಹೊರಟವನ ಚೀಲದಲ್ಲಿ ಇರುವುದೇ ಅವೆರಡು. ರೈಲಿನಲ್ಲಿ ಹಲಸಿನ ಹಪ್ಪಳದ ಕಟ್ಟು, ತೆಂಗಿನಕಾಯಿಯ ಗೋಣಿ, ಭರಣಿ ಎಲ್ಲವೂ ಸೀಟಿನ ಕೆಳಗೆ ಕೂತು ಬರುತ್ತವೆ.

2018ರ ಆಗಸ್ಟಿನ ಮಳೆಗೆ ಘಟ್ಟ ಹತ್ತಾರು ಕಡೆ ಕುಸಿದು ವಾರಗಟ್ಟಲೆ ಗಾಡಿ ನಿಂತಿತ್ತು. 2024ರ ಜುಲೈಯಲ್ಲಿ ಕಡಗರವಳ್ಳಿಯ ಹತ್ತಿರ ಹಳಿಯ ಕೆಳಗಿನ ಮಣ್ಣೇ ಜಾರಿತು. ಎರಡು ಸಲವೂ ಆ ಮಳೆಯಲ್ಲೇ ಕಲ್ಲುಮಣ್ಣು ತುಂಬಿದ ಚೀಲ ಪೇರಿಸಿ, ಗೋಡೆ ಕಟ್ಟಿ ಹಳಿಯನ್ನು ಮತ್ತೆ ನಿಲ್ಲಿಸಿದ್ದು ಅಲ್ಲಿನ ಕೆಲಸಗಾರರೇ.

2021ರಿಂದ ಹಗಲಿನ ಗಾಡಿಗೆ ಗಾಜಿನ ಮಾಡಿನ ಬೋಗಿ ಬಂದಿದೆ. ಅದಕ್ಕೆ ದುಡ್ಡು ಜಾಸ್ತಿ. ಸಾಮಾನ್ಯ ಬೋಗಿಯ ಕಿಟಕಿಯಲ್ಲೂ ಕೆಂಪುಹೊಳೆ ಅಷ್ಟೇ ಚೆನ್ನಾಗಿ ಕಾಣುತ್ತದೆ. ಮಳೆ ತುಸು ತಗ್ಗಿದ ಸೆಪ್ಟೆಂಬರಿನಲ್ಲಿ ಒಮ್ಮೆ ಹಗಲು ಹೊತ್ತಿನಲ್ಲೇ ಬನ್ನಿ. ಹಳಿಯ ಪಕ್ಕ ದೀಪ ಹಿಡಿದು ನಿಂತವರು ಕಂಡರೆ ಒಂದು ಸಲ ಕೈಯೆತ್ತಿ.