ನೀರ ಬಂದಾವೇನ?

"ಏ, ನೀರ ಬಂದಾವೇನ ನೋಡ!"

ಹುಬ್ಬಳ್ಳಿಯಲ್ಲಿ ಬೆಳೆದ ನನಗೆ ಅಲಾರಾಂ ಅಂದ್ರೆ ಅವ್ವನ ಈ ಕೂಗು. ವಾರಕ್ಕೊಮ್ಮೆ, ಬ್ಯಾಸಿಗ್ಯಾಗ ಎಂಟು-ಹತ್ತು ದಿನಕ್ಕೊಮ್ಮೆ ನಳ ಬರ್ತಿತ್ತು. ಯಾವ ದಿನ ಅನ್ನೋದು ಅಂದಾಜಿಗೆ ಸಿಗ್ತಿತ್ತು. ಯಾವ ತಾಸು ಅನ್ನೋದು ವಾಲ್‌ಮನ್‌ಗೆ ಮಾತ್ರ ಗೊತ್ತು. ಆ ದಿನ ಅವ್ವ ಮದುವಿ-ಮುಂಜಿವಿಗೂ ಹೋಗ್ತಿರಲಿಲ್ಲ.

ಈಗ ನಾನು ಬೆಂಗಳೂರಿನಲ್ಲಿ ಮಾಡೋ ಕೆಲಸವೂ ಒಂಥರಾ ವಾಲ್‌ಮನ್ ಕೆಲಸವೇ. ಎಲ್ಲೋ ಇರುವ ಮೀಟರ್, ಸೆನ್ಸರ್, ಮೋಟರ್‌ಗಳಿಗೆ ಇಲ್ಲಿಂದಲೇ ಸಾಫ್ಟ್‌ವೇರ್ ಕಳಿಸೋದು, ಅದು ಓಡ್ತಾ ಇದೆಯಾ ಅಂತ ನೋಡ್ಕೊಳ್ಳೋದು. ಒಮ್ಮೆ ಒಂದು ಅಪಾರ್ಟ್‌ಮೆಂಟಿನ ನೀರಿನ ವ್ಯವಸ್ಥೆಗೆ ಹೊಸ ವರ್ಷನ್ ಹಾಕಿದೆವು. ಎರಡು ದಿನ ಡ್ಯಾಶ್‌ಬೋರ್ಡ್ ಹಸಿರಾಗಿಯೇ ಇತ್ತು, ಟ್ಯಾಂಕ್ ಭರ್ತಿ ಅಂತ ತೋರಿಸ್ತಿತ್ತು. ಅಲ್ಲಿ ಮೇಲಿನ ಮಹಡಿಯವರ ನಳ ಒಣಗಿತ್ತು. ಸೆನ್ಸರ್ ಹಳೇ ರೀಡಿಂಗನ್ನೇ ಮತ್ತೆ ಮತ್ತೆ ಕಳಿಸ್ತಿತ್ತು. ಅದನ್ನು ಹಿಡಿದವನು ನಮ್ಮ ಎಂಜಿನಿಯರ್ ಅಲ್ಲ. ಏಣಿ ಹತ್ತಿ ಟ್ಯಾಂಕ್ ತಟ್ಟಿ ನೋಡಿದ ವಾಚ್‌ಮನ್.

ಕಾಗದದ ಮೇಲೆ ನೀರು, ಕಣ್ಣೆದುರು ಬರ. ನಮ್ಮ ಕಡೆ ಇದಕ್ಕೆ ದೊಡ್ಡ ಇತಿಹಾಸವೇ ಇದೆ.

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಸವದತ್ತಿ ಹತ್ತಿರ ಗುಡ್ಡ ಸೀಳಿಕೊಂಡು ಹರಿಯುವ ಜಾಗವೇ ನವಿಲುತೀರ್ಥ. 1970ರ ದಶಕದ ಮೊದಲಲ್ಲಿ ಅಲ್ಲಿ ಅಣೆಕಟ್ಟು ಮುಗಿದು ನೀರು ನಿಂತಿತು. ಸಾಮರ್ಥ್ಯ 37.73 ಟಿಎಂಸಿ. ಬಲದಂಡೆ ಕಾಲುವೆ ನರಗುಂದ, ನವಲಗುಂದದ ಎರೆಭೂಮಿ ಕಡೆ ಹೊರಟಿತು. ಸರ್ಕಾರದ ಲೆಕ್ಕದಲ್ಲಿ ಅಚ್ಚುಕಟ್ಟಿನ ಹೊಲವೆಲ್ಲ ನೀರಾವರಿ ಆಯಿತು, ಅದಕ್ಕೆ ಅಭಿವೃದ್ಧಿ ಕರ ಬಿತ್ತು. ಕಾಲುವೆ ಕೊನೆಯ ಹೊಲಕ್ಕೆ ನೀರು ಮುಟ್ಟಲಿಲ್ಲ. ಕರದ ನೋಟಿಸ್ ಮಾತ್ರ ಸರಿಯಾಗಿ ಮುಟ್ಟಿತು. 1980ರ ಜುಲೈ 21ರಂದು ರೈತರು ಬೀದಿಗಿಳಿದರು, ಗೋಲಿಬಾರ್ ಆಯಿತು, ಪ್ರಾಣ ಹೋದವು. ಇವತ್ತಿಗೂ ಆ ದಿನ ಅಲ್ಲಿ ಹುತಾತ್ಮ ರೈತರ ದಿನ.

ಅದೇ ಜಲಾಶಯದ ನೀರು 1980ರ ದಶಕದಲ್ಲಿ ಅಮ್ಮಿನಬಾವಿಯ ಶುದ್ಧೀಕರಣ ಘಟಕದ ಮೂಲಕ ಹುಬ್ಬಳ್ಳಿ-ಧಾರವಾಡಕ್ಕೂ ಬಂತು. ಊರು ಬೆಳೆಯಿತು, ನೀರು ಹಂಚಿಹೋಯಿತು. ವಿಶ್ವಬ್ಯಾಂಕ್ ಸಾಲದ ಯೋಜನೆಯಲ್ಲಿ 2008ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಸಿಕ್ಕಿತು. ಉಳಿದವರ ಕೊಡ ಸಾಲಿನಲ್ಲೇ ಉಳಿಯಿತು.

ಆ ಉಳಿದವರಿಗಾಗಿಯೇ 2010-11ರ ಸುಮಾರಿಗೆ ಹುಬ್ಬಳ್ಳಿಯಲ್ಲಿ ನೆಕ್ಸ್ಟ್‌ಡ್ರಾಪ್ ಅನ್ನೋ ಸ್ಟಾರ್ಟಪ್ ಶುರುವಾಯಿತು. ಕ್ಯಾಲಿಫೋರ್ನಿಯಾದಲ್ಲಿ ಓದುತ್ತಿದ್ದ ವಿದ್ಯಾರ್ಥಿಗಳ ಐಡಿಯಾ. ಪೈಪಿಗೆಲ್ಲ ಸೆನ್ಸರ್ ಕೂಡಿಸುವಷ್ಟು ದುಡ್ಡು ಯಾರ ಹತ್ರ ಇದೆ? ಅವರು ವಾಲ್‌ಮನ್‌ನನ್ನೇ ಸೆನ್ಸರ್ ಮಾಡಿದರು. ವಾಲ್ವ್ ತೆಗೆಯುವಾಗ ಅವನು ಒಂದು ನಂಬರಿಗೆ ಕರೆ ಮಾಡಬೇಕು. ಯಂತ್ರದ ದನಿ ಕೇಳಿದ್ದಕ್ಕೆ ಬಟನ್ ಒತ್ತಬೇಕು. ಆ ಓಣಿಯ ಮನೆಗಳಿಗೆ ಎಸ್ಸೆಮ್ಮೆಸ್ ಹೋಗ್ತಿತ್ತು. ಆಮೇಲೆ ಕೆಲವು ಮನೆಗಳಿಗೆ ಫೋನ್ ಮಾಡಿ "ನೀರು ಬಂತಾ?" ಅಂತ ತಾಳೆ ನೋಡ್ತಿದ್ದರು. ಎಂಜಿನಿಯರುಗಳ ಪರದೆಗೂ ಅದೇ ಮಾಹಿತಿ. ಸ್ಮಾರ್ಟ್ ಸಿಟಿ ಅನ್ನೋ ಮಾತು ನಮ್ಮ ಬಾಯಿಗೆ ಬರುವ ಮೊದಲಿನ ಮಾತಿದು!

ಮುಂದೆ ಈ ಸೇವೆ ಬೆಂಗಳೂರಿಗೂ ಬಂತು. ಅಲ್ಲಿ ಬರ್ಕ್ಲಿಯ ಸಂಶೋಧಕರು ಇದನ್ನು ಅಳೆದು ನೋಡಿದರು. ಸಾಫ್ಟ್‌ವೇರ್ ಕೈಕೊಟ್ಟಿದ್ದಲ್ಲ. ಎಲ್ಲ ವಾಲ್‌ಮನ್‌ಗಳೂ ಪ್ರತಿ ಸಲ ಕರೆ ಮಾಡ್ತಿರಲಿಲ್ಲ, ಹಾಗಾಗಿ ಮನೆಗಳಿಗೆ ನಿರೀಕ್ಷಿಸಿದಷ್ಟು ಉಪಯೋಗ ಆಗಲಿಲ್ಲ ಅಂತ ಗೊತ್ತಾಯಿತು. ಯೋಚಿಸಿ ನೋಡಿ, ಅವನ್ಯಾಕೆ ಕರೆ ಮಾಡಬೇಕು? ವಾಲ್ವ್ ತಿರುಗಿಸೋದು ಅವನ ಕೆಲಸ. ಕರೆ ಮಾಡೋದು ನಮ್ಮ ಅನುಕೂಲ.

ನಮ್ಮ ಮನೆಯದೂ ಒಂದು ತಪ್ಪಿತ್ತು. ನಂಬರ್ ಕೇಳಿದಾಗ ನಾವು ಕೊಟ್ಟಿದ್ದು ಅಪ್ಪನದು. ಮೆಸೇಜ್ ಅಂಗಡಿಯಲ್ಲಿದ್ದ ಅಪ್ಪನ ಜೇಬಿನಲ್ಲಿ ಟಿಣ್ ಅಂತಿತ್ತು. ನೀರಿಗೆ ಕಾಯುತ್ತಿದ್ದ ಅವ್ವನ ಹತ್ರ ಆಗ ಫೋನೇ ಇರಲಿಲ್ಲ. ಆಕಿ ನಳಕ್ಕೆ ಕಿವಿ ಕೊಟ್ಟು ಕೂಡ್ತಿದ್ಲು. ಒಳಗ ಗಾಳಿ ಗುರ್ ಅಂದ್ರ ನೀರು ಸಮೀಪ ಬಂತು ಅಂತ.

ಈಗ ಕಾಲುವೆಗಳೇ ಸ್ಮಾರ್ಟ್ ಆಗ್ತಿವೆ. ನಾರಾಯಣಪುರ ಎಡದಂಡೆ ಕಾಲುವೆಯ ಗೇಟುಗಳನ್ನು ದೂರದಿಂದ ನಿಯಂತ್ರಿಸುವ ವ್ಯವಸ್ಥೆ ಬಂದಿದೆ. ಆ ಕಾಲುವೆಯ ಆಧುನೀಕರಣವನ್ನು 2023ರ ಜನವರಿಯಲ್ಲಿ ಕೊಡೇಕಲ್‌ನಲ್ಲಿ ಪ್ರಧಾನಿ ಉದ್ಘಾಟಿಸಿದರು. ಒಳ್ಳೇದೇ. ಆದರೆ ಗೇಟು ತೆರೆಯಿತು ಅನ್ನೋದು ಬೇರೆ, ಕೊನೆಯ ಹೊಲಕ್ಕೆ ನೀರು ಮುಟ್ಟಿತು ಅನ್ನೋದು ಬೇರೆ. 1980ರ ರೈತರು ಕೇಳಿದ್ದು ಎರಡನೆಯದನ್ನು.

ಈಗ ಯಾವ ಡಿಪ್ಲಾಯ್‌ಮೆಂಟ್ ಮುಗಿದರೂ ನಾನೊಂದು ರೂಢಿ ಮಾಡ್ಕೊಂಡಿದೀನಿ. ಡ್ಯಾಶ್‌ಬೋರ್ಡ್ ಹಸಿರಾದ ಮೇಲೆ ಅಲ್ಲಿನ ವಾಚ್‌ಮನ್‌ಗೋ ಪ್ಲಂಬರ್‌ಗೋ ಫೋನ್ ಹಚ್ಚಿ ಕೇಳ್ತೀನಿ: "ಅಣ್ಣಾ, ಮೇಲಿನ ಮಹಡಿಗೆ ನೀರ ಬಂದಾವೇನ?" ಅವನು ನಳ ತಿರುಗಿಸಿ ನೋಡಿ "ಹೂಂ" ಅಂದಮೇಲೆಯೇ ಲ್ಯಾಪ್‌ಟಾಪ್ ಮುಚ್ಚೋದು.